ಗಾಜಿನ ಮೇಲಿನ ಕೆಂಪು ಗೆರೆ

ಹರಿಹರ
೪ ಜೂನ್ ೨೦೦೧

ಚಿರಂಜೀವಿ ಸಂಕರ್ಷಣನಿಗೆ ನಿನ್ನ ಮೇಷ್ಟ್ರು ದೊರೆಸ್ವಾಮಿಯ ಆಶೀರ್ವಾದಗಳು.

ನಿನ್ನ ಕಾರ್ಡು ಶನಿವಾರ ಕೈಸೇರಿತು. ನಿನಗೆ ಡ್ರಿಲ್ಲಿಂಗ್ ಯಂತ್ರದ ಆಪರೇಟರ್ ಕೆಲಸ ಸಿಕ್ಕಿತೆಂಬ ಸಾಲನ್ನು ನಾನು ಗಟ್ಟಿಯಾಗಿ ಓದಿದಾಗ ನಿನ್ನ ಚೂಡಾಮಣಿ ಅಮ್ಮ ಅಡುಗೆಮನೆಯಿಂದಲೇ, "ಯಾರು, ನಮ್ಮ ಸಂಕುಗಾ? ಅವನಿಗ್ ಸಿಗ್ದೆ ಇನ್ಯಾರಿಗ್ ಸಿಗತ್ತೆ!" ಎಂದು ಕೂಗಿದಳು. ನಾನು ನಿವೃತ್ತನಾಗಿ, ಚಾಮರಾಜಪೇಟೆಯ ಬಾಡಿಗೆ ಮನೆ ಬಿಟ್ಟು, ಇಲ್ಲಿನ ತರಬೇತಿ ಕೇಂದ್ರಕ್ಕೆ ಬಂದು ಒಂದು ವರ್ಷವಾಯಿತು. ಇಲ್ಲಿನ ಮಕ್ಕಳೂ ಒಳ್ಳೆಯವರೇ. ಆದರೆ ಗೇಜಿನ ಮುಳ್ಳು ಕೂದಲೆಳೆಯಷ್ಟು ತಪ್ಪಿದರೂ ಹಿಂದಿನ ಬೆಂಚಿನಿಂದ ಎದ್ದು ನಿಂತು ಹೇಳುತ್ತಿದ್ದ ನಿನ್ನಂಥವನು ಇನ್ನೊಬ್ಬ ಸಿಕ್ಕಿಲ್ಲ.

ನೀನು ಕೂರುವ ಯಂತ್ರ ವಿಚಿತ್ರವಾದದ್ದು. ರಸ್ತೆಯನ್ನು ಅಗೆಯದೆ, ಒಂದು ಗುಂಡಿಯಿಂದ ಇನ್ನೊಂದು ಗುಂಡಿಯವರೆಗೆ, ಕಬ್ಬಿಣದ ರಾಡುಗಳನ್ನು ಒಂದಕ್ಕೊಂದು ಜೋಡಿಸುತ್ತ ನೆಲದಡಿಯಲ್ಲಿ ಅಡ್ಡಲಾಗಿ ಕೊರೆಯುತ್ತದೆ. ಆ ದಾರಿಯಲ್ಲಿ ಆಮೇಲೆ ಕೇಬಲ್ ಎಳೆಯುತ್ತಾರೆ. ಕೊರೆಯುವ ತುದಿಗೆ ಬಂಡೆ ತಾಗಿತೋ ಹಳೆಯ ಕಲ್ಲುಚರಂಡಿ ತಾಗಿತೋ, ಮೇಲೆ ಕೂತವನಿಗೆ ಕಾಣುವುದಿಲ್ಲ. ಅವನಿಗೆ ಕಣ್ಣೆಂದರೆ ಎದುರಿಗಿರುವ ಮೂರು ಗೇಜುಗಳು. ತಳ್ಳುವ ಒತ್ತಡಕ್ಕೆ ಒಂದು, ತಿರುಗಿಸುವ ಒತ್ತಡಕ್ಕೆ ಒಂದು, ಕೊರೆದ ಮಣ್ಣನ್ನು ಹೊರಗೆ ತರುವ ಕೆಸರುನೀರಿಗೆ ಒಂದು. ನೀನು ಹೆದರಬೇಕಾದದ್ದು ನಡುವಿನ ಗೇಜಿಗೆ. ತುದಿ ಬಂಡೆಯಲ್ಲಿ ಸಿಕ್ಕಿಕೊಂಡಿರುವಾಗ ಯಂತ್ರ ತಿರುಗಿಸುತ್ತಲೇ ಹೋದರೆ, ರಾಡುಗಳ ಇಡೀ ಸಾಲು ಹಿಂಡಿದ ಒದ್ದೆ ಪಂಚೆಯಂತೆ ತಿರುಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಜೋಡಣೆ ಬಿಚ್ಚಲು ಸ್ಪ್ಯಾನರ್ ಹಾಕಿದರೆ? ಹಿಂಡಿದ ಪಂಚೆಯ ಒಂದು ತುದಿ ಕೈಬಿಟ್ಟಾಗ ಆಗುವುದೇ ಆಗುತ್ತದೆ, ಇಲ್ಲಿ ಕಬ್ಬಿಣದಲ್ಲಿ.

ಆದ್ದರಿಂದ ನಮ್ಮ ವರ್ಕ್‌ಷಾಪಿನ ಪದ್ಧತಿಯನ್ನು ಅಲ್ಲಿಯೂ ನಡೆಸು. ಚೂಡಾಮಣಿಯ ಕೆಂಪು ಉಗುರುಬಣ್ಣದ ಶೀಶೆಯನ್ನು ಪಾರ್ಸೆಲ್‌ನಲ್ಲಿ ಇಟ್ಟಿದ್ದೇನೆ, ಚಕ್ಕುಲಿಯ ಡಬ್ಬಿಯ ಪಕ್ಕದಲ್ಲಿದೆ. ರಾಡು ತಿರುಗಿಸುವ ಪಂಪಿನ ಗರಿಷ್ಠ ಒತ್ತಡದ ಮುಕ್ಕಾಲು ಭಾಗ ಎಲ್ಲಿ ಬರುತ್ತದೋ ಅಲ್ಲಿ, ನಡುವಿನ ಗೇಜಿನ ಗಾಜಿನ ಮೇಲೆ ಒಂದು ಗೆರೆ ಎಳೆ. ಮುಳ್ಳು ಅದನ್ನು ಮುಟ್ಟಿದರೆ ನಿಲ್ಲಿಸು. ರಾಡನ್ನು ಹಿಂದಕ್ಕೆ ತಿರುಗಿಸಿ ಒತ್ತಡ ಇಳಿಸು. ಉಳಿದ ಮಾತೆಲ್ಲ ಆಮೇಲೆ. ಜೊತೆಗೆ ಅಂಚಿನಲ್ಲಿ, ಗಾಜಿನಿಂದ ಲೋಹದ ಚೌಕಟ್ಟಿಗೆ ದಾಟುವಂತೆ, ಒಂದು ಪುಟ್ಟ ಗುರುತನ್ನೂ ಹಾಕು. ಗಾಜು ಎಂದಾದರೂ ತಿರುಗಿದರೆ ಆ ಗುರುತು ಎರಡು ತುಂಡಾಗಿ ಕಾಣುತ್ತದೆ, ಗೆರೆ ತನ್ನ ಜಾಗದಲ್ಲಿಲ್ಲವೆಂದು ತಿಳಿಯುತ್ತದೆ.

ನಿನ್ನಿಂದ ನನಗೆ ಬೇಕಾದದ್ದು ಇಷ್ಟೇ. ಆ ಗೆರೆಯನ್ನು ದಾಟಬೇಡ.

ದೊರೆಸ್ವಾಮಿ


ವೈಯಾಲಿಕಾವಲ್, ಬೆಂಗಳೂರು
೨೪ ಜೂನ್ ೨೦೦೧

ಪೂಜ್ಯ ಮೇಷ್ಟ್ರ ಪಾದಗಳಿಗೆ ಸಂಕರ್ಷಣನ ನಮಸ್ಕಾರಗಳು.

ಶೀಶೆಯೂ ಚಕ್ಕುಲಿಯೂ ತಲುಪಿದವು. ಚಕ್ಕುಲಿ ಒಂದೇ ದಿನಕ್ಕೆ ಖಾಲಿಯಾಯಿತು. ಶೀಶೆಯನ್ನು ಯಂತ್ರದ ಮೇಲಿಟ್ಟಾಗ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. "ಏನ್ ಗುರು, ಮಿಷನ್‌ಗೆ ಹೆಣ್ ನೋಡೋ ಶಾಸ್ತ್ರಾನಾ?" ಎಂದು ಒಬ್ಬ ಕೇಳಿದರೆ, "ಮೆಹಂದಿನೂ ಹಚ್ಬಿಡು ಮಗಾ" ಎಂದ ಇನ್ನೊಬ್ಬ. ಗೆರೆ ಎಳೆದು, ಅದು ಯಾತಕ್ಕೆಂದು ನಿಮ್ಮ ಪಂಚೆಯ ಮಾತಿನಲ್ಲೇ ವಿವರಿಸಿದ ಮೇಲೆ ನಗು ನಿಂತಿತು.

ಗೇಜಿನ ಅಂಕಿಗಳು ಬಿಸಿಲಿಗೆ ಪೂರ್ತಿ ಮಾಸಿವೆ. ಭೂತಗನ್ನಡಿ ಹಿಡಿದು, ಅಂಕಿ ಕೊರೆದ ಗುಳಿಗಳನ್ನು ಗುರುತಿಸಿ, ಮುಕ್ಕಾಲಿನ ಜಾಗವನ್ನು ಹುಡುಕಿದೆ. ಈಗ ಇಡೀ ತಂಡಕ್ಕೆ ಅಂಕಿಗಳಿಲ್ಲ; ನೀವು ಕೊಟ್ಟ ಗೆರೆಯೊಂದೇ ಇದೆ. ಅಂಚಿನ ಗುರುತನ್ನೂ ಹಾಕಿದ್ದೇನೆ.

ರಾಡು ಜೋಡಿಸುವವರು ಶೀನಣ್ಣ ಎಂಬ ಹಿರಿಯರು. ಯಂತ್ರದ ಮುಂದೆ ಗುಂಡಿಯ ಬದಿಯಲ್ಲಿ ದೊಡ್ಡ ಸ್ಪ್ಯಾನರ್ ಹಿಡಿದು ನಿಲ್ಲುತ್ತಾರೆ. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಮೊದಲ ದಿನವೇ ಅವರು ಒಂದು ಒಪ್ಪಂದ ಮಾಡಿಕೊಂಡರು: "ಸ್ವಾಮಿ, ನೀವ್ ಮುಳ್ ನೋಡ್ಕೊಳಿ, ನಾನ್ ನಿಮ್ ಮುಖ ನೋಡ್ಕೋತೀನಿ. ನೀವ್ ತಲೆ ಆಡ್ಸಿದ್ರೇನೇ ನಾನ್ ಸ್ಪ್ಯಾನರ್ ಹಾಕೋದು." ಅವರ ಹೆಂಡತಿ ಮಾರಕ್ಕ ಮಧ್ಯಾಹ್ನ ಮುದ್ದೆಯ ಬುತ್ತಿ ತರುತ್ತಾರೆ. ನನಗೂ ಒಂದು ಪಾಲು ಇಡುತ್ತಾರೆ, ನಾನು ಮಜ್ಜಿಗೆ ಮಾತ್ರ ಕುಡಿದಾಗ, "ಅಯ್ಯೋ, ಈ ಪಾಟಿ ಸಣ್ಕಲ್ ಆಗಿದ್ರೆ ನಮ್ ಯಜಮಾನ್ರಿಗೆ ನಿಮ್ ತಲೆ ಆಡಿದ್ದು ಕಾಣ್ಸತ್ತಾ?" ಎನ್ನುತ್ತಾರೆ.

ಮೇಲ್ವಿಚಾರಕರ ಹೆಸರು ನಾಗಭೂಷಣ್. ಸಂಕ್ರಾಂತಿಯವರೆಗೆ ನನ್ನನ್ನು ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದಾರೆ. ಅಷ್ಟರೊಳಗೆ ಮೆಚ್ಚುಗೆಯಾದರೆ ಕಾಯಂ, ಇಲ್ಲವಾದರೆ ಮನೆಗೆ.

ನಿಮ್ಮ ಶಿಷ್ಯ,
ಸಂಕರ್ಷಣ


ವೈಯಾಲಿಕಾವಲ್, ಬೆಂಗಳೂರು
೨೬ ಆಗಸ್ಟ್ ೨೦೦೧

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಎರಡು ಪತ್ರಗಳಿಗೆ ಉತ್ತರ ಬರೆಯಲಿಲ್ಲ, ಕ್ಷಮಿಸಬೇಕು. ಮಲ್ಲೇಶ್ವರದ ನೆಲ ಮೇಲೆ ಸಂಪಿಗೆ, ಕೆಳಗೆ ಬರೀ ಬಂಡೆ. ಮುಳ್ಳು ಮತ್ತೆ ಮತ್ತೆ ಗೆರೆಯನ್ನು ಮುಟ್ಟುತ್ತದೆ. ನಾನು ನಿಲ್ಲಿಸುತ್ತೇನೆ, ಹಿಂದಕ್ಕೆ ತಿರುಗಿಸುತ್ತೇನೆ, ದಾರಿ ಬದಲಿಸುತ್ತೇನೆ. ಒಂದು ದಿನದ ಕೆಲಸ ಎರಡು ದಿನಕ್ಕೆ ಹೋಗುತ್ತದೆ.

ಮೊನ್ನೆ ಎಂಟನೆಯ ಕ್ರಾಸಿನ ಮಾರುಕಟ್ಟೆಯ ಹತ್ತಿರ ನಿಲ್ಲಿಸಿದಾಗ ನಾಗಭೂಷಣ್ ಎಲ್ಲರ ಎದುರಿಗೆ ಚಪ್ಪಾಳೆ ತಟ್ಟಿದರು. "ಏನ್ ಸ್ವಾಮಿ, ಸಂಧ್ಯಾವಂದನೆ ಟೈಮ್ ಆಯ್ತಾ? ಪಂಚಪಾತ್ರೆ ತರ್ಸ್ಲಾ?" ಎಂದರು. ಹೂ ಮಾರುವವರೂ ನಕ್ಕರು. ಶೀನಣ್ಣ ಒಬ್ಬರೇ, "ನಗ್ಬೇಡಿ ಸಾರ್, ನನ್ ಕೈ ಇರೋದು ಅವ್ರ್ ನಿಲ್ಸೋದ್ರಿಂದ" ಎಂದರು. "ನಿನ್ ಕೈ ಯಾರಿಗಯ್ಯಾ ಬೇಕು, ಮ್ಯೂಸಿಯಮ್ಮಲ್ಲಿ ಇಡ್ತೀಯಾ?" ಎಂದು ಅವರ ಬಾಯಿಯನ್ನೂ ಮುಚ್ಚಿಸಿದರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಶಾಂತವಾಗಿಯೇ ಹೇಳಿದರು: ಇನ್ನೊಂದು ಸಲ ನಿಲ್ಲಿಸಿದರೆ ಆ ಸೀಟಿನಲ್ಲಿ ಬೇರೆ ಹುಡುಗ ಕೂರುತ್ತಾನೆ. ಮುಂದಿನ ಕೆಲಸ ಬಸವನಗುಡಿ ಕಡೆ. ಅಲ್ಲಿಯೂ ಕೆಳಗೆ ಇದೇ ಬಂಡೆ.

ಏನು ಮಾಡಲಿ? ನೀವು ಕೆಲಸ ಬಿಡು ಎಂದರೆ ಬಿಡುತ್ತೇನೆ. ನಿಲ್ಲಿಸು ಎಂದರೆ ನಿಲ್ಲಿಸುತ್ತೇನೆ.

ಸಂಕರ್ಷಣ


ಹರಿಹರ
೯ ಸೆಪ್ಟೆಂಬರ್ ೨೦೦೧

ಪ್ರೀತಿಯ ಸಂಕರ್ಷಣ,

ನಿನ್ನ ಪತ್ರ ಓದಿ ಚೂಡಾಮಣಿ ಊಟ ಬಿಟ್ಟು ಎದ್ದಳು. ನಾನು ನಾಲ್ಕು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

ನಿನ್ನ ವಯಸ್ಸಿನಲ್ಲಿ ಅವಮಾನ ದೊಡ್ಡದಾಗಿ ಕಾಣುತ್ತದೆ. ಆದರೆ ನಿನ್ನಂಥ ಹುಡುಗ ಆ ಸೀಟಿನಿಂದ ಇಳಿದರೆ ಅದರ ಮೇಲೆ ಕೂರುವವನು ಗೇಜಿನ ಕಡೆಗೆ ತಿರುಗಿಯೂ ನೋಡದವನು. ಹಾಗಾಗಿ ಬಿಡಬೇಡ. ನೀನು ಉಳಿಯುವುದೇ ಶೀನಣ್ಣನಂಥವರಿಗೆ ರಕ್ಷಣೆ.

ಇನ್ನೊಂದು ಮಾತು. ನೀನು ತುಸು ಹೆಚ್ಚಾಗಿಯೇ ಅಂಜುತ್ತಿರಬಹುದು. ನಾನು ಕಲಿಸಿದ ಮುಕ್ಕಾಲು ಭಾಗವೆಂಬ ಲೆಕ್ಕ ನಮ್ಮ ವರ್ಕ್‌ಷಾಪಿನ ಹಳೆಯ ಪಂಪಿಗೆ ಸರಿ; ಎಲ್ಲ ಯಂತ್ರಕ್ಕೂ ಅದೇ ಆಗಬೇಕೆಂದಿಲ್ಲ. ಗೆರೆ ಎಳೆದದ್ದು ಮನುಷ್ಯನ ಕೈ. ಅದನ್ನು ಸರಿಸುವ ಅಧಿಕಾರವೂ ತಿಳಿದ ಮನುಷ್ಯನಿಗೆ ಉಂಟು. ಯಂತ್ರದ ಜೊತೆ ಬಂದ ಪುಸ್ತಕ ತೆಗೆದು ನೋಡು. ಆ ರಾಡುಗಳು ಎಷ್ಟು ತಿರುಚು ತಡೆಯುತ್ತವೆಂದು ಅದರಲ್ಲಿ ಬರೆದಿರುತ್ತದೆ. ಲೆಕ್ಕ ಮಾಡು. ಅವಕಾಶವಿದ್ದರೆ ಗೆರೆಯನ್ನು ಸ್ವಲ್ಪ ಮುಂದೆ ಇಡು. ಆದರೆ ಸರಿಸುವ ಮೊದಲು ರಾಡಿನ ಹತ್ತಿರ ನಿಲ್ಲುವ ಶೀನಣ್ಣನಿಗೆ ಹೇಳು; ಇಟ್ಟ ಮೇಲೆ ಅದನ್ನು ದಾಟಬೇಡ.

ಧೈರ್ಯವಾಗಿರು. ನಿನ್ನ ಬುದ್ಧಿಯ ಮೇಲೆ ನಿನಗಿಂತ ನನಗೆ ಹೆಚ್ಚು ನಂಬಿಕೆ.

ದೊರೆಸ್ವಾಮಿ


ಬೆಂಗಳೂರು
೩ ನವೆಂಬರ್ ೨೦೦೧

ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಪತ್ರ ನನ್ನನ್ನು ಬದುಕಿಸಿತು. ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ.

ಆಯುಧಪೂಜೆ ಜೋರಾಗಿ ಆಯಿತು. ಶೀನಣ್ಣ ಯಂತ್ರವನ್ನು ಹಸುವಿನಂತೆ ಮೈ ತೊಳೆದರು; ಗೇಜಿನ ಗಾಜುಗಳನ್ನೆಲ್ಲ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ, ವಿಭೂತಿ ಕುಂಕುಮ ಇಟ್ಟರು. ಬೂದುಗುಂಬಳ ಒಡೆದದ್ದು ನಾಗಭೂಷಣ್. ಗಾಂಧಿ ಬಜಾರಿನಿಂದ ಸೇವಂತಿಗೆ ಹಾರ ತಂದಿದ್ದೆವು. ಎಲ್ಲರಿಗೂ ಕಡಲೆಪುರಿ ಹಂಚಿದೆವು.

ಅಂದಿನಿಂದ ಒಂದು ಸಲವೂ ಯಂತ್ರ ನಿಲ್ಲಿಸಬೇಕಾಗಿ ಬಂದಿಲ್ಲ. ಮುಳ್ಳು ಗೆರೆಯ ಹತ್ತಿರ ಬರುತ್ತದೆ, ಮುಟ್ಟುವುದಿಲ್ಲ. ಬಸವನಗುಡಿಯ ಕೆಲಸ ಎಣಿಸಿದ್ದಕ್ಕಿಂತ ಬೇಗ ನಡೆಯುತ್ತಿದೆ. ನಾಗಭೂಷಣ್ ಅವರು ನಿನ್ನೆ ವಿಶ್ವೇಶ್ವರಪುರಂನಲ್ಲಿ ಇಡೀ ತಂಡಕ್ಕೆ ಅವರೆಬೇಳೆ ದೋಸೆ ಕೊಡಿಸಿ, "ನೋಡ್ರಪ್ಪಾ, ಭಟ್ಟರು ಈಗ ಡ್ರೈವರ್ ಆದ್ರು" ಎಂದರು.

ಸಂಕರ್ಷಣ


ಹರಿಹರ
೧೨ ನವೆಂಬರ್ ೨೦೦೧

ಪ್ರೀತಿಯ ಸಂಕರ್ಷಣ,

ನಿನ್ನ ಪತ್ರವನ್ನು ಇಂದು ತರಗತಿಯಲ್ಲಿ ಓದಿಸಿದೆ. "ಲೆಕ್ಕ ಮಾಡುವವನಿಗೆ ಬಂಡೆಯೂ ದಾರಿ ಬಿಡುತ್ತದೆ, ನೋಡಿ" ಎಂದು ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗ ನಿನ್ನಂತೆಯೇ ಗೆರೆ ಎಳೆಯುತ್ತೇನೆಂದು ತನ್ನ ಅಕ್ಕನ ಉಗುರುಬಣ್ಣ ತಂದು, ಅವಳಿಂದ ಏಟು ತಿಂದ. ನಿನ್ನ ಹೆಸರು ಇಲ್ಲಿ ಹೀಗೆ ಬೆಳೆಯುತ್ತಿದೆ.

ಪುಸ್ತಕದ ಲೆಕ್ಕವನ್ನು ನನಗೂ ಬರೆದು ಕಳಿಸು, ಮಕ್ಕಳಿಗೆ ಪಾಠವಾಗುತ್ತದೆ. ಅಂದಹಾಗೆ, ಗಾಜು ಬಿಚ್ಚಿ ಕೂರಿಸಿದರೆಂದು ಬರೆದಿದ್ದೀಯೆ. ಅಂಚಿನ ಗುರುತು ಕೂಡಿಕೊಂಡಿದೆಯೆಂದು ನೋಡಿಯೇ ಇರುತ್ತೀಯೆ. ನಿನಗೆ ಇದನ್ನು ಹೇಳುವುದು ಮುದುಕನ ಚಪಲ.

ದೊರೆಸ್ವಾಮಿ


ಹರಿಹರ
೬ ಜನವರಿ ೨೦೦೨

ಸಂಕರ್ಷಣ,

ಡಿಸೆಂಬರಿನಲ್ಲಿ ಬರೆದದ್ದಕ್ಕೂ ನಿನ್ನಿಂದ ಉತ್ತರವಿಲ್ಲ. ಕೆಲಸದ ಒತ್ತಡವೆಂದು ಸುಮ್ಮನಿದ್ದೆ. ನಿನ್ನೆ ನಮ್ಮ ಹಳೆಯ ನೆರೆಮನೆಯ ಗಿರಿಜಾಂಬಾ ಚೂಡಾಮಣಿಗೆ ಬರೆದ ಪತ್ರ ಬಂತು. ಬಸವನಗುಡಿಯಲ್ಲಿ ಕೇಬಲ್ಲಿನ ಯಂತ್ರಕ್ಕೆ ಒಬ್ಬ ಕೆಲಸಗಾರನ ಕೈ ಸಿಕ್ಕಿತಂತೆ, ರಸ್ತೆಯಲ್ಲಿ ಜನ ಸೇರಿದ್ದರಂತೆ.

ಅದು ನಿನ್ನ ಯಂತ್ರವೇ? ಶೀನಣ್ಣನೇ? ಮುಳ್ಳು ಗೆರೆ ದಾಟಿತ್ತೇ? ಉಳಿದದ್ದನ್ನು ನಿಧಾನವಾಗಿ ಬರೆ. ಇಷ್ಟನ್ನು ಕೂಡಲೇ ತಿಳಿಸು.

ದೊರೆಸ್ವಾಮಿ


ಬೆಂಗಳೂರು
೧೫ ಜನವರಿ ೨೦೦೨

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಯಂತ್ರ ನನ್ನದೇ. ಕೈ ಶೀನಣ್ಣನದು. ಜೋಡಣೆ ಬಿಚ್ಚುವಾಗ ರಾಡು ತಿರುಚು ಬಿಟ್ಟು ಸ್ಪ್ಯಾನರನ್ನು ಬೀಸಿತು. ಬಲಗೈ ಮೊಣಕೈಯವರೆಗೆ ಉಳಿಯಲಿಲ್ಲ. ಜೀವಕ್ಕೆ ಅಪಾಯವಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ.

ಮುಳ್ಳು ಗೆರೆ ದಾಟಿರಲಿಲ್ಲ. ನಿಮ್ಮ ಪಾದದಾಣೆಗೂ ದಾಟಿರಲಿಲ್ಲ. ಅಲ್ಲಿದ್ದ ಎಲ್ಲರೂ ಅದನ್ನೇ ಹೇಳುತ್ತಾರೆ.

ಕಂಪನಿಯವರು ವಿಚಾರಣೆ ನಡೆಸುತ್ತಿದ್ದಾರೆ. ತಪ್ಪು ನನ್ನದೆಂದಾದರೆ ಕೆಲಸವೂ ಹೋಗುತ್ತದೆ, ಪೊಲೀಸರ ಕೈಗೂ ಕೊಡುತ್ತಾರೆ. ತಪ್ಪು ಶೀನಣ್ಣನದೇ ಎಂದಾದರೆ ಅವನಿಗೆ ಪರಿಹಾರ ಸಿಗುವುದಿಲ್ಲ. ಮಾರಕ್ಕ ದಿನಾ ಆಫೀಸಿನ ಮುಂದೆ ಕೂರುತ್ತಾಳೆ. ನೀವು ನನ್ನ ನಡತೆಯ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರೆ ಸಹಾಯವಾಗುತ್ತದೆ. ಕೇಂದ್ರದ ಮೊಹರು ಇರಲಿ.

ಸಂಕರ್ಷಣ


ಹರಿಹರ
೧೯ ಜನವರಿ ೨೦೦೨

ಪ್ರೀತಿಯ ಸಂಕರ್ಷಣ,

ನೀನು ದಾಟಲಿಲ್ಲವೆಂಬ ಸಾಲನ್ನು ಓದಿದ ಮೇಲೆಯೇ ನಾನು ಕುರ್ಚಿಯಲ್ಲಿ ಕೂತದ್ದು. ನಿನ್ನ ಮೇಲೆ ಒಂದು ಕ್ಷಣ ಸಂಶಯ ಬಂದದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ.

ಇದರ ಜೊತೆ ಮೊಹರು ಹಾಕಿದ ಪತ್ರವಿದೆ. ಅದರಲ್ಲಿ ಹೀಗೆ ಬರೆದಿದ್ದೇನೆ: "ಸಂಕರ್ಷಣನನ್ನು ನಾನು ಮೂರು ವರ್ಷ ಹತ್ತಿರದಿಂದ ಕಂಡಿದ್ದೇನೆ. ಗೆರೆ ದಾಟಲಿಲ್ಲವೆಂದು ಅವನು ಹೇಳಿದರೆ ಅದು ದಾಟಿಲ್ಲ. ಅವನ ಮಾತಿಗೆ ನನ್ನ ಇಡೀ ಅಧ್ಯಾಪನವೇ ಸಾಕ್ಷಿ."

ಬಂಡೆಯೋ ಹಳೆಯ ರಾಡೋ ಏನೋ ಕಾರಣವಿರಬೇಕು. ವಿಚಾರಣೆಯಲ್ಲಿ ಅದು ಹೊರಬಿದ್ದರೆ ಶೀನಣ್ಣನಿಗೂ ನ್ಯಾಯ ಸಿಗುತ್ತದೆ. ನೀನು ಅವನ ಪರವಾಗಿ ನಿಲ್ಲು. ಆಸ್ಪತ್ರೆಗೆ ದಿನವೂ ಹೋಗು. ಚೂಡಾಮಣಿ ಮಾರಕ್ಕನಿಗೆಂದು ಒಂದು ಸೀರೆ ಕಳಿಸಿದ್ದಾಳೆ.

ದೊರೆಸ್ವಾಮಿ


ಬೆಂಗಳೂರು
೧೮ ಮಾರ್ಚ್ ೨೦೦೨

ಮೇಷ್ಟ್ರಿಗೆ ನಮಸ್ಕಾರ.

ವಿಚಾರಣೆ ಮುಗಿಯಿತು. ನಾನು ಕಾಯಂ ಆದೆ. ಇದು ಕಂಪನಿಯ ಕಾಗದ. ಇನ್ನು ಮೇಲೆ ಇದರಲ್ಲೇ ಬರೆಯಬಹುದು.

ತಪ್ಪು ಪತ್ತೆಯಾಯಿತು. ಆಯುಧಪೂಜೆಯ ದಿನ ಗಾಜು ಒರೆಸಿ ಕೂರಿಸಿದವನು ಶೀನಣ್ಣ. ಕೂರಿಸುವಾಗ ಗಾಜು ತಿರುಗಿದೆ, ಗೆರೆ ತನ್ನ ಜಾಗ ಬಿಟ್ಟು ಬಹಳ ಮುಂದೆ ಹೋಗಿದೆ. ಅಂಚಿನ ಗುರುತೂ ಒರೆಸುವಾಗ ಅಳಿಸಿಹೋಗಿದೆ. ಹಾಗಾಗಿ ಮುಳ್ಳು ಗೆರೆಯ ಒಳಗಿದ್ದರೂ ನಿಜವಾದ ಒತ್ತಡ ಮಿತಿ ಮೀರಿತ್ತು. ಗಾಜು ತಿರುಗಿರುವುದನ್ನು ವಿಚಾರಣೆಗೆ ಬಂದ ಎಂಜಿನಿಯರಿಗೆ ನಾನೇ ತೋರಿಸಿಕೊಟ್ಟೆ. "ಪೂಜೆ ಮಾಡ್ದೋನಿಗೇ ವರ ಸಿಕ್ತು" ಎಂದರು ನಾಗಭೂಷಣ್.

ತನ್ನ ಅಜಾಗ್ರತೆಯೇ ಕಾರಣವೆಂದು ಶೀನಣ್ಣ ಒಪ್ಪಿ ಹೇಳಿಕೆ ಕೊಟ್ಟಿದ್ದಾನೆ. ಹೆಬ್ಬೆಟ್ಟು ಒತ್ತಲು ಹಿಂಜರಿದಾಗ ನಾಗಭೂಷಣ್, "ಹೆಬ್ಬೆಟ್ಟಿಗೆ ಎಡಗೈನೇ ಅಲ್ವೇನಯ್ಯಾ ಬೇಕಾಗಿರೋದು? ಅದು ಇದ್ಯಲ್ಲ!" ಎಂದರು. ಎಲ್ಲರೂ ನಕ್ಕರು. ಶೀನಣ್ಣನೂ ನಕ್ಕ.

ನಿಮ್ಮ ಪತ್ರದಿಂದ ಬಹಳ ಉಪಕಾರವಾಯಿತು.

ಸಂಕರ್ಷಣ


ಹರಿಹರ
೨೭ ಮಾರ್ಚ್ ೨೦೦೨

ಸಂಕರ್ಷಣ,

ಅಭಿನಂದಿಸಲೆಂದು ಪೆನ್ನು ಹಿಡಿದೆ, ಆಗಲಿಲ್ಲ. ನಿನ್ನ ಪತ್ರಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. ಶೀನಣ್ಣ ಮೊದಲು 'ಅವರು' ಆಗಿದ್ದರು. ಯಾವಾಗ 'ಅವನು' ಆದ?

ಆಯುಧಪೂಜೆಯಿಂದ ಆ ದಿನದವರೆಗೆ ಎರಡು ತಿಂಗಳು ನೀನು ಆ ಗಾಜಿನ ಎದುರಿಗೆ ಕೂತಿದ್ದೆ. ಕೂದಲೆಳೆಯಷ್ಟು ತಪ್ಪಿದರೆ ಎದ್ದು ನಿಲ್ಲುತ್ತಿದ್ದವನಿಗೆ ಗೆರೆ ಅಷ್ಟು ದೂರ ಸರಿದದ್ದು ಕಾಣಲಿಲ್ಲವೇ? ಗುರುತು ಅಳಿಸಿದ್ದು ಕಾಣಲಿಲ್ಲವೇ? ನವೆಂಬರಿನಲ್ಲಿ ನಾನು ಕೇಳಿದ್ದೆ. ಉತ್ತರ ಬರಲಿಲ್ಲ. ಪುಸ್ತಕದ ಲೆಕ್ಕವೂ ಬರಲಿಲ್ಲ.

ನನಗೆ ತಪ್ಪು ಕಲ್ಪನೆಯಾಗಿದ್ದರೆ ಸಿಟ್ಟಿನಿಂದಲೇ ಆಗಲಿ, ಬೈದು ಬರೆ. ಅಂಥ ಪತ್ರಕ್ಕಾಗಿ ಕಾಯುತ್ತಿದ್ದೇನೆ. ಆಗದಿದ್ದರೆ, ಮಗು, ನಡೆದದ್ದನ್ನು ಬರೆ. ನಿನ್ನ ಜೊತೆ ನಾನೇ ಬಂದು ಕಂಪನಿಯವರ ಮುಂದೆ ನಿಲ್ಲುತ್ತೇನೆ. ನಿನ್ನ ವಯಸ್ಸಿನಲ್ಲಿ ಯಾವುದನ್ನೂ ತಿದ್ದಿಕೊಳ್ಳಬಹುದು.

ದೊರೆಸ್ವಾಮಿ


ಬೆಂಗಳೂರು
೩೦ ಏಪ್ರಿಲ್ ೨೦೦೨

ಮೇಷ್ಟ್ರಿಗೆ,

ಕೇಳಿದ್ದೀರಿ, ಹೇಳುತ್ತೇನೆ.

ಶೀನಣ್ಣ ಗಾಜನ್ನು ಸರಿಯಾಗಿಯೇ ಕೂರಿಸಿದ್ದ. ಗುರುತು ನೂಲಿನಂತೆ ಕೂಡಿಕೊಂಡಿತ್ತು. ಎಲ್ಲರೂ ಕಡಲೆಪುರಿ ತಿನ್ನಲು ಆಚೆ ಹೋದಾಗ ಗಾಜನ್ನು ತಿರುಗಿಸಿದವನು ನಾನು. ಗುರುತನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿದೆ.

ಯಂತ್ರದ ಜೊತೆ ಪುಸ್ತಕ ಬಂದಿರಲಿಲ್ಲ. ಅದು ಎರಡು ಕೈ ದಾಟಿ ಬಂದ ಯಂತ್ರ. ಪುಸ್ತಕ ಇದೆಯೇ ಎಂದು ನೀವು ಕೇಳಲಿಲ್ಲ, ನೋಡು ಎಂದಿರಿ. ಗೆರೆ ಎಳೆದದ್ದು ಮನುಷ್ಯನ ಕೈ, ಸರಿಸಬಹುದು ಎಂದಿರಿ. ಸರಿಸಿದೆ. ದಾಟಬೇಡ ಎಂದಿರಿ. ದಾಟಲಿಲ್ಲ. ನಿಮ್ಮ ಪಾದದ ಮೇಲೆ ನಾನು ಇಟ್ಟ ಆಣೆ ನಿಜ. ನಿಮ್ಮ ಮಾತಿನಲ್ಲಿ ನಡೆಸದೆ ಬಿಟ್ಟದ್ದು ಒಂದೇ. ಶೀನಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ರಾಡು ಮುಟ್ಟುತ್ತಿರಲಿಲ್ಲ.

ಅಂದು ಮುಳ್ಳು ಗೆರೆಯ ಒಳಗೇ ಇತ್ತು. ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ.

ವಿಚಾರಣೆಯಲ್ಲಿ ಮಾರಕ್ಕ ಬಹಳ ಕೂಗಾಡಿದಳು. "ನಮ್ ಯಜಮಾನ್ರು ಗಾಜ್ ಸರ್ಯಾಗೇ ಕೂರ್ಸವ್ರೆ, ಈ ಸ್ವಾಮೇರೇ ಏನೋ ಮಾಡವ್ರೆ" ಎಂದು ನನ್ನ ಕಡೆ ಕೈ ತೋರಿಸಿದಳು. ಒಂದು ಕ್ಷಣ ಎಲ್ಲರೂ ನನ್ನನ್ನೇ ನೋಡಿದರು. ಆಗ ನಿಮ್ಮ ಪತ್ರ ಓದಿದರು. ಯಾರ ಪತ್ರವೆಂದು ಅವಳು ಕೇಳಿದಳು. ಮೇಷ್ಟ್ರದು ಎಂದರು. ತೋರಿಸಿದ ಕೈ ಇಳಿಸಿದಳು. "ಮೇಷ್ಟ್ರು ಸುಳ್ ಬರೀತಾರಾ" ಎಂದು ಶೀನಣ್ಣನೇ ಅವಳಿಗೆ ಸಮಾಧಾನ ಹೇಳಿದ. ಅವಳು ಆಗ ಉಟ್ಟಿದ್ದದ್ದು ನೀವು ಕಳಿಸಿದ ಸೀರೆ.

ಈಗ ನಾನು ಬಾಯಿ ಬಿಟ್ಟರೆ ಮೊದಲು ಸುಳ್ಳಾಗುವುದು ನಿಮ್ಮ ಪತ್ರ. ಕೇಂದ್ರದ ಮೊಹರು ಅದರ ಮೇಲಿದೆ. ನಿಮ್ಮ ಹುಡುಗರಲ್ಲಿ ನಾಲ್ವರನ್ನು ಇಲ್ಲಿ ತೆಗೆದುಕೊಳ್ಳಲು ನಾನು ಶಿಫಾರಸು ಮಾಡಿದ್ದೇನೆ. ಯೋಚಿಸಿ.

ಸಂಕರ್ಷಣ


ಹರಿಹರ
೧೨ ಮೇ ೨೦೦೨

ಸಂಕರ್ಷಣ,

ಯೋಚಿಸಿದೆ. ನಾಲ್ವರು ಹುಡುಗರಿಗೂ ಕಾರಣ ಹೇಳಿ ಬೇಡವೆಂದೆ. ಅವರಲ್ಲಿ ಒಬ್ಬ, "ಹಂಗಾದ್ರೆ ನೀವ್ ಹೇಳ್ಕೊಟ್ಟಿದ್ ಗೆರೆ ಏನ್ ಉಪಯೋಗಕ್ ಬಂತು ಸರ್?" ಎಂದು ಕೇಳಿದ.

ನಿನ್ನ ನಡತೆಗೆ ಕೊಟ್ಟ ಸಾಕ್ಷಿಯನ್ನು ಹಿಂದಕ್ಕೆ ಪಡೆದಿದ್ದೇನೆಂದೂ, ಗಾಜನ್ನು ತಿರುಗಿಸಿದವನು ಶೀನಣ್ಣನಲ್ಲವೆಂದೂ ಕಂಪನಿಗೆ ಬರೆದು ರಿಜಿಸ್ಟರ್ ಮಾಡಿದ್ದೇನೆ. ಅದರ ಜೊತೆ ನಿನ್ನ ಪತ್ರದ ಪ್ರತಿಯನ್ನು ಇಟ್ಟಿಲ್ಲ. ತಿರುಗಿಸಿದವನು ಯಾರೆಂಬುದನ್ನು ನೀನೇ ಹೇಳಬೇಕು. ನಾನು ಸಿಕ್ಕಿಸಿ ಹಾಕಿದೆನೆಂಬ ನೆಪ ನಿನಗೆ ಸಿಗಬಾರದು. ನೀನಾಗಿ ಎದ್ದು ನಿಲ್ಲಬೇಕು, ಹಿಂದಿನ ಬೆಂಚಿನಿಂದ ಎದ್ದು ನಿಲ್ಲುತ್ತಿದ್ದಂತೆ. ನೀನು ನಿಲ್ಲುತ್ತೀಯೆಂದು ನನಗೆ ಈಗಲೂ ನಂಬಿಕೆಯಿದೆ. ಚೂಡಾಮಣಿ ನನ್ನನ್ನು ಹುಚ್ಚನೆನ್ನುತ್ತಾಳೆ.

ಶೀನಣ್ಣನ ಮನೆ ವಿಳಾಸ ಕಳಿಸು. ನಾನು ಬಂದು ಅವರಿಬ್ಬರನ್ನು ಕಾಣಬೇಕು. ನೀನು ಕಳಿಸದಿದ್ದರೆ ಕಂಪನಿ ಯಂತ್ರಗಳನ್ನು ನಿಲ್ಲಿಸುವ ಯಾರ್ಡಿಗೇ ಬಂದು ಕೇಳುತ್ತೇನೆ.

ದೊರೆಸ್ವಾಮಿ


ಬೆಂಗಳೂರು
೨೧ ಅಕ್ಟೋಬರ್ ೨೦೦೨

ಶ್ರೀ ದೊರೆಸ್ವಾಮಿ ಅವರಿಗೆ,

ಮಾನ್ಯರೇ,

ತಾವು ಮೇ ತಿಂಗಳಲ್ಲಿ ಕಳಿಸಿದ ದೂರು ಹಾಗೂ ನಂತರದ ಮೂರು ಜ್ಞಾಪನಾ ಪತ್ರಗಳನ್ನು ಪರಿಶೀಲಿಸಲಾಗಿದೆ. ತಾವು ಅಪಘಾತದ ಸ್ಥಳದಲ್ಲಿ ಇರಲಿಲ್ಲ. ತಮ್ಮ ಆರೋಪಕ್ಕೆ ಯಾವುದೇ ಆಧಾರವನ್ನು ಲಗತ್ತಿಸಿಲ್ಲ. ಜನವರಿಯಲ್ಲಿ ತಾವೇ ನೀಡಿದ ಸಾಕ್ಷ್ಯಕ್ಕೆ ಇದು ವಿರುದ್ಧವಾಗಿದೆ. ಕೆಲಸಗಾರನು ಸ್ವತಃ ತಪ್ಪೊಪ್ಪಿಕೊಂಡಿರುವುದರಿಂದ ವಿಚಾರಣೆಯನ್ನು ಪುನಃ ತೆರೆಯಲು ಅವಕಾಶವಿಲ್ಲ. ಕೆಲಸಗಾರರ ವಿಳಾಸವನ್ನು ಹೊರಗಿನವರಿಗೆ ನೀಡುವ ಪದ್ಧತಿ ನಮ್ಮಲ್ಲಿಲ್ಲ.

ತಮ್ಮ ವಿಶ್ವಾಸಿ,
ಸಂಕರ್ಷಣ
ಕಾಮಗಾರಿ ಮೇಲ್ವಿಚಾರಕ

ಮೇಷ್ಟ್ರೇ, ಮೇಲಿನದು ಟೈಪ್ ಮಾಡಿಸಿದ್ದು. ಇದು ಕೈಬರಹ. ನಾಗಭೂಷಣ್ ಅವರನ್ನು ಮತ್ತಿಕೆರೆಯ ಕೆಲಸಕ್ಕೆ ಹಾಕಿದ ಮೇಲೆ ಇಲ್ಲಿಗೆ ಬರುವ ದೂರುಗಳು ನನ್ನ ಮೇಜಿಗೇ ಬರುತ್ತವೆ.

ಜುಲೈನಲ್ಲಿ ಮಳೆಯಲ್ಲಿ ನೀವು ಯಾರ್ಡಿಗೆ ಬಂದಿರಂತೆ. ಗೇಟಿನಲ್ಲಿ ಗೋಣಿ ಹೊದ್ದು ನಿಂತಿದ್ದವನನ್ನು, "ಶೀನಣ್ಣನ ಮನೆ ಎಲ್ಲಪ್ಪಾ?" ಎಂದು ಕೇಳಿದಿರಂತೆ. ಅವನೇ ಶೀನಣ್ಣ. ಕಾವಲಿಗೆ ಇಟ್ಟುಕೊಂಡಿದ್ದೇವೆ. ಅವನನ್ನು ಕೇಳಿಕೊಂಡು ಬಂದವರಿಗೆಲ್ಲ ಗೊತ್ತಿಲ್ಲವೆಂದು ಹೇಳಲು ನಾನೇ ತಾಕೀತು ಮಾಡಿದ್ದೆ; ಕೆಲಸ ಉಳಿಯಬೇಕಲ್ಲ. "ಯಾರೋ ವಯಸ್ಸಾದವ್ರು ಸ್ವಾಮಿ, ಪೂರ್ತಿ ನೆಂದ್ಬಿಟ್ಟಿದ್ರು, ಪಾಪ. ನೀವ್ ಹೇಳ್ದಂಗೇ ಕಳಿಸ್ಬಿಟ್ಟೆ" ಎಂದು ಸಂಜೆ ವರದಿ ಒಪ್ಪಿಸಿದ.

ಹೋದ ವಾರ ಆಯುಧಪೂಜೆ ಆಯಿತು. ಈ ಸಲವೂ ಗಾಜುಗಳನ್ನು ಒರೆಸಿದವನು ಅವನೇ, ಎಡಗೈಯಲ್ಲಿ. ಈಗಿನ ಆಪರೇಟರ್ ಹುಡುಗ ಅಂಜುಬುರುಕ, ಮಾತು ಮಾತಿಗೆ ನಿಲ್ಲಿಸುತ್ತಾನೆ. ಗೆರೆ ಎಲ್ಲಿರಬೇಕೆಂದು ನಾನೇ ತೋರಿಸಿಕೊಟ್ಟೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಕೊಟ್ಟ ಶೀಶೆ ಮುಗಿದಿದೆ. ಅದೇ ಬಣ್ಣದ್ದು ಇನ್ನೊಂದು ಸಿಕ್ಕರೆ ಕಳಿಸಿಕೊಡಲು ಹೇಳಿ.